ಬೊಂಬೆ ಊರಿನ ವಿದ್ಯೆ ಯಾರ ಕೈಗೆ?

ಚನ್ನಪಟ್ಟಣದ ಲೇತಿನ ಮೇಲೆ ಆಲೆಮರದ ತುಂಡು ಗಿರಗಿರನೆ ತಿರುಗುತ್ತಿರುತ್ತದೆ. ಕಸುಬುದಾರರು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಅನ್ನುವುದು ಕೈಯಿಂದ ಕೈಗೆ ದಾಟಿದ ವಿದ್ಯೆ. ಕಾಲೇಜು, ವಿಶ್ವವಿದ್ಯಾಲಯಗಳಿಂದ ಬಂದವರು ಅದನ್ನು ಕೇಳಿ ಬರೆದುಕೊಳ್ಳುತ್ತಾರೆ, ವರದಿ ಒಪ್ಪಿಸುತ್ತಾರೆ. ಆ ವರದಿ ಹೇಳಿಕೊಟ್ಟವರಿಗೂ ತಲುಪಬೇಕು ಎಂಬುದು ನನ್ನ ವಾದ.

ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವಲ್ಲ ಎನ್ನಬಹುದು. ನಿಜ, ಪ್ರಬಂಧದ ಡಿಜಿಟಲ್ ಪ್ರತಿ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮವೇ ಹೇಳುತ್ತದೆ. ಅದು ದೊಡ್ಡ ಹೆಜ್ಜೆ. ಆದರೆ ಇಂಗ್ಲಿಷಿನಲ್ಲಿರುವ ನೂರಾರು ಪುಟಗಳಿಂದ ಲೇತಿನ ಮುಂದೆ ಕೂತವರಿಗೆ ಏನು ಸಿಕ್ಕಿತು? ಬಾಗಿಲು ತೆರೆದಿಟ್ಟರೆ ಸಾಲದು, ದಾರಿಯೂ ಬೇಕು. ಹಂಚಿದರೆ ನಕಲು ಮಾಡುತ್ತಾರೆ ಎಂಬ ಆತಂಕವೂ ಸಣ್ಣದಲ್ಲ. ಚನ್ನಪಟ್ಟಣ ಬೊಂಬೆ ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ, ಕೈಚಳಕಕ್ಕೆ ಇಲ್ಲ. ಹಾಗಾಗಿ ಯಾವುದನ್ನು ಪ್ರಕಟಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವಾಗ ಕಸುಬುದಾರರೂ ಕೂತಿರಬೇಕು.

ಕಲಿತದ್ದನ್ನು ಹೇಳಿಕೊಟ್ಟವರಿಗೆ ಮರಳಿಸುವುದು ಆಗದ ಮಾತೇನಲ್ಲ. ರಾಮನಗರದ ಹತ್ತಿರವೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಳ್ಳಿಗಳಿಂದ ತಂದ ಹಾಡು, ಕುಣಿತ, ಉಪಕರಣಗಳನ್ನು ಹಳ್ಳಿಯವರೇ ಬಂದು ನೋಡುವಂತೆ, ಕೇಳುವಂತೆ ಅಲ್ಲಿ ಇಟ್ಟಿದ್ದಾರೆ. ವಿಶ್ವವಿದ್ಯಾಲಯಗಳೂ ಪ್ರತಿ ಪ್ರಬಂಧದ ಜೊತೆ ಹತ್ತು ಪುಟದ ಕನ್ನಡ ಸಾರ, ಒಂದು ಚಿಕ್ಕ ವಿಡಿಯೊ ಕೇಳಲಿ. ಸಂಶೋಧಕರು ಅದನ್ನು ಊರಿಗೆ ಬಂದು ತೋರಿಸಿದ ಮೇಲೆಯೇ ಪದವಿ ಕೊಡಲಿ.