ಬೇರುಗಂಟಿನ ಬ್ಯಾಕ್ಟೀರಿಯಾಗಳಿಗೂ ವೈರಾಣು ಬಾಧೆ

ತೊಗರಿ, ಕಡಲೆ, ಹೆಸರು, ಅಲಸಂದೆ ಮುಂತಾದ ದ್ವಿದಳ ಬೆಳೆಗಳು ತಮಗೆ ಬೇಕಾದ ಸಾರಜನಕದ ಗಣನೀಯ ಭಾಗವನ್ನು ಗಾಳಿಯಿಂದಲೇ ಪಡೆಯುತ್ತವೆ. ಈ ಕಾರ್ಯವನ್ನು ನಿರ್ವಹಿಸುವುದು ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು. ಬೀಜೋಪಚಾರ ಮಾಡಿದ್ದರೂ ಕೆಲವು ಹೊಲಗಳಲ್ಲಿ ಗಂಟುಗಳು ವಿರಳವಾಗಿರುತ್ತವೆ. ಅವಧಿ ಮೀರಿದ ಅಥವಾ ಬಿಸಿಲಿಗೆ ಸಿಲುಕಿದ ಪೊಟ್ಟಣ, ತೇವಾಂಶದ ಕೊರತೆ, ಅತಿಯಾದ ಯೂರಿಯಾ ಬಳಕೆ ಇದಕ್ಕೆ ಸಾಮಾನ್ಯ ಕಾರಣಗಳು. ಇವುಗಳೊಂದಿಗೆ ಕಣ್ಣಿಗೆ ಕಾಣದ ಮತ್ತೊಂದು ಕಾರಣವೂ ಇರಬಹುದು. ಅದು ಬ್ಯಾಕ್ಟೀರಿಯಾಗಳಿಗೇ ತಗಲುವ ವೈರಾಣು.

ವೈರಾಣುವಿನ ಕಾರ್ಯವಿಧಾನ

ಫೇಜ್ ಎಂದು ಕರೆಯಲಾಗುವ ಈ ವೈರಾಣುಗಳು ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತವೆ. ಗಿಡಗಳಿಗಾಗಲಿ, ಜಾನುವಾರುಗಳಿಗಾಗಲಿ, ಮನುಷ್ಯರಿಗಾಗಲಿ ಇವು ಸೋಂಕುವುದಿಲ್ಲ. ಫೇಜ್ ರೈಜೋಬಿಯಂ ಕೋಶಕ್ಕೆ ಅಂಟಿಕೊಂಡು, ಒಳಗೆ ವೃದ್ಧಿಯಾಗಿ, ಕೊನೆಗೆ ಕೋಶವನ್ನು ಒಡೆದು ಹೊರಬರುತ್ತದೆ. ಪ್ರತಿಯೊಂದು ಫೇಜ್ ಕೆಲವು ನಿರ್ದಿಷ್ಟ ತಳಿಗಳನ್ನು ಮಾತ್ರ ನಾಶಮಾಡುತ್ತದೆ. ಉತ್ತಮ ತಳಿಯು ಬೇರನ್ನು ಸೇರುವ ಮುನ್ನವೇ ಕ್ಷೀಣಿಸಿದರೆ, ಫೇಜ್‌ಗೆ ಬಗ್ಗದ ಸ್ಥಳೀಯ ತಳಿಯು ಗಂಟುಗಳನ್ನು ಆಕ್ರಮಿಸುತ್ತದೆ. ಆ ತಳಿಗೆ ಸಾರಜನಕ ಸ್ಥಿರೀಕರಿಸುವ ಸಾಮರ್ಥ್ಯ ಕಡಿಮೆಯಿದ್ದಲ್ಲಿ, ಗಂಟುಗಳಿದ್ದರೂ ಬೆಳೆ ಹಳದಿಗೆ ತಿರುಗುತ್ತದೆ.

1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಲೂಸರ್ನ್ ಮೇವಿನ ಬೆಳೆಯನ್ನು ಒಂದೇ ಹೊಲದಲ್ಲಿ ಮತ್ತೆ ಮತ್ತೆ ಬೆಳೆದಾಗ ಇಳುವರಿ ಕುಸಿಯುತ್ತಿದ್ದುದಕ್ಕೆ ದೆಮೊಲಾನ್ ಮತ್ತು ದ್ಯುನೆ ಎಂಬ ವಿಜ್ಞಾನಿಗಳು ಫೇಜ್‌ಗಳೇ ಕಾರಣವೆಂದರು. ಫೇಜ್ ಒಂದೇ ಕಾರಣವೆಂಬುದನ್ನು ನಂತರದವರೆಲ್ಲರೂ ಒಪ್ಪಲಿಲ್ಲವಾದರೂ, ಈ ವೈರಾಣುಗಳ ಅಧ್ಯಯನಕ್ಕೆ ಅದು ಇಂಬು ನೀಡಿತು.

ರೈತರು ಗಮನಿಸಬೇಕಾದ ಅಂಶಗಳು

1. ಫೇಜ್ ನಿವಾರಣೆಗೆಂದು ಯಾವುದೇ ಔಷಧಿಯನ್ನು ಸಿಂಪಡಿಸುವ ಅಗತ್ಯವಿಲ್ಲ.

2. ಹೂವಾಡುವ ಮುನ್ನ ಕೆಲವು ಗಿಡಗಳನ್ನು ಬೇರು ಹರಿಯದಂತೆ ಅಗೆದು, ಗಂಟುಗಳನ್ನು ಸೀಳಿ ನೋಡುವುದು. ಒಳಭಾಗ ನಸುಗೆಂಪಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಮಾಡುತ್ತಿಲ್ಲ.

3. ಅವಧಿ ಮೀರದ, ಆಯಾ ಬೆಳೆಗೆಂದೇ ಸೂಚಿಸಿದ ರೈಜೋಬಿಯಂ ಪೊಟ್ಟಣವನ್ನು ಬಳಸುವುದು. ಬೆಲ್ಲದ ದ್ರಾವಣದೊಂದಿಗೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತುವುದು.

4. ಒಂದೇ ದ್ವಿದಳ ಬೆಳೆಯನ್ನು ಪ್ರತಿ ವರ್ಷ ಬೆಳೆಯದೆ, ಜೋಳ ಅಥವಾ ಸಜ್ಜೆಯೊಂದಿಗೆ ಬೆಳೆ ಪರಿವರ್ತನೆ ಅನುಸರಿಸುವುದು.

5. ಗಂಟುಗಳು ಸತತವಾಗಿ ಕಳಪೆಯಾಗಿದ್ದಲ್ಲಿ ಕೀಳಿಸಿದ ಗಿಡಗಳೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ, ಬೇರೆ ತಳಿಯ ಜೈವಿಕ ಗೊಬ್ಬರವನ್ನು ಮೊದಲು ಹೊಲದ ಒಂದು ಭಾಗದಲ್ಲಿ ಮಾತ್ರ ಪರೀಕ್ಷಿಸುವುದು.

ಹೀಗೆ ಗಂಟುಗಳನ್ನು ಸಕಾಲದಲ್ಲಿ ಪರಿಶೀಲಿಸಿದಲ್ಲಿ, ಅನಗತ್ಯ ಯೂರಿಯಾ ಖರೀದಿಯ ವೆಚ್ಚವೂ ತಪ್ಪುತ್ತದೆ.