ಉತಾರದ ಪೂರ್ತಿ ಪುಟ ಫೋನಿನಲ್ಲೇ ನೋಡ್ರಿ: 'ಡೆಸ್ಕ್‌ಟಾಪ್ ಸೈಟ್' ಬಳಸೋದು ಹೇಗೆ?

ನಮ್ಮ ಬೇವೂರು ಭಾಗದಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಯುವ ರೈತರು ಕಡಿಮೆ. ಆದರೂ ಉತಾರ, ಅಂದ್ರೆ ಪಹಣಿ, ನೋಡಬೇಕಾದರೆ ಯಲಬುರ್ಗಾದ ಕಂಪ್ಯೂಟರ್ ಅಂಗಡಿಗೆ ಹೋಗುವವರೇ ಹೆಚ್ಚು. ಯಾಕೆ ಅಂತ ಕೇಳಿದರೆ, "ಮೊಬೈಲ್‌ನ್ಯಾಗ ಅರ್ಧಾನ ಕಾಣ್ತೈತ್ರಿ, ಬಟನ್ನ ಸಿಗಂಗಿಲ್ಲ" ಅಂತಾರೆ. ಬಸ್ ಚಾರ್ಜು, ಅರ್ಧ ದಿನದ ಕೆಲಸ ಹೋಗೋದು ಒಂದು ಕಡೆ. 'ಆಮೇಲೆ ನೋಡೋಣ' ಅಂತ ಬಿಟ್ಟು ವಿಮೆ ಕೈತಪ್ಪೋದು ಇನ್ನೊಂದು ಕಡೆ. ಇದಕ್ಕೆ ಹೊಸ ಆ್ಯಪ್ ಬೇಕಾಗಿಲ್ಲ, ಬ್ರೌಸರ್‌ನಲ್ಲೇ ಉಪಾಯ ಐತಿ.

ಇದು ಏನು ಮಾಡ್ತದೆ?

ಸೈಟ್ ತೆರೆದಾಗ ಬ್ರೌಸರ್ 'ನಾನು ಮೊಬೈಲ್' ಅಂತ ಆ ಸೈಟಿಗೆ ತಿಳಿಸ್ತದೆ. ಕೆಲವು ಸೈಟುಗಳು ಅದನ್ನು ನೋಡಿ ಮೊಟಕು ಪುಟ ಕಳಿಸ್ತವೆ. 'ಡೆಸ್ಕ್‌ಟಾಪ್ ಸೈಟ್' ಆನ್ ಮಾಡಿದರೆ ಬ್ರೌಸರ್ 'ನಾನು ಕಂಪ್ಯೂಟರ್' ಅನ್ನುತ್ತದೆ, ಪುಟವನ್ನೂ ಅಗಲವಾಗಿ ಹರಡಿ ತೋರಿಸ್ತದೆ. ಅಕ್ಷರ ಸಣ್ಣ ಆಗ್ತವೆ, ಆದರೆ ಕೋಷ್ಟಕದ ಎಲ್ಲ ಕಾಲಂ ಸಿಗ್ತವೆ.

ಮಾಡೋದು ಹೀಗೆ

1. ಕ್ರೋಮ್‌ನಲ್ಲಿ ಸೈಟ್ ತೆರೆದು ಮೂರು ಚುಕ್ಕಿ ಒತ್ತಿ.
2. ಪಟ್ಟಿಯಲ್ಲಿ ಕೆಳಗೆ ಸರಿದು 'ಡೆಸ್ಕ್‌ಟಾಪ್ ಸೈಟ್'ಗೆ ಟಿಕ್ ಹಾಕಿ. ಫೈರ್‌ಫಾಕ್ಸ್ ಮೆನುವಿನಲ್ಲೂ ಇದು ಸಿಗ್ತದೆ.
3. ಫೋನ್ ಅಡ್ಡ ಹಿಡಿದು, ಎರಡು ಬೆರಳಿನಿಂದ ಬೇಕಾದ ಭಾಗ ದೊಡ್ಡದು ಮಾಡ್ಕೊಳ್ರಿ.
4. 'ಪಾಪ್-ಅಪ್ ತಡೆಯಲಾಗಿದೆ' ಅಂತ ಬಂದರೆ, ಆ ಸರ್ಕಾರಿ ಸೈಟಿಗೆ ಮಾತ್ರ ಅನುಮತಿ ಕೊಡ್ರಿ. ಉತಾರ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುವಾಗ ಬಹಳ ಮಂದಿ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

ಫೇಸ್‌ಬುಕ್ ಒಳಗೇ ಲಿಂಕ್ ತೆರೆದಿದ್ದರೆ ಈ ಆಯ್ಕೆ ಕಾಣದೇ ಇರಬಹುದು. ಅಂಥಾಗ ಲಿಂಕನ್ನು ಬ್ರೌಸರ್‌ನಲ್ಲಿ ತೆರೀರಿ.

ಉತಾರದಲ್ಲಿ ಏನು ನೋಡಬೇಕು?

ಭೂಮಿ ಸೈಟಿನಲ್ಲಿ ಕೊಪ್ಪಳ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಆರಿಸಿ. ಬರೇ ನೋಡೋಕೆ ದುಡ್ಡು ಕೊಡಬೇಕಿಲ್ಲ. ಮೂರು ಕಾಲಂ ತಪ್ಪದೆ ನೋಡ್ರಿ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು ಇರ್ತದೆ. 11ನೇದರಲ್ಲಿ ಋಣದ ವಿವರ ಇರ್ತದೆ, ತೀರಿಸಿದ ಬ್ಯಾಂಕ್ ಸಾಲ ಇನ್ನೂ ಅಲ್ಲೇ ಕೂತಿದೆಯಾ ನೋಡ್ರಿ. 12ನೇದು ಸಾಗುವಳಿ ಮತ್ತು ಬೆಳೆ.

ಇದರ ಜೊತೆಗೆ 'ಬೆಳೆ ದರ್ಶಕ' ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆಯ ದಾಖಲೆ, 'ಸಂರಕ್ಷಣೆ' ಸೈಟಿನಲ್ಲಿ ವಿಮೆಯ ಅರ್ಜಿ ತೆಗೆದು ಪಕ್ಕಪಕ್ಕ ಇಟ್ಟು ನೋಡ್ರಿ. ಫಸಲ್ ಬಿಮಾದಲ್ಲಿ ಆಹಾರಧಾನ್ಯ, ಎಣ್ಣೆಕಾಳಿಗೆ ರೈತರ ಪಾಲಿನ ಕಂತು ಮುಂಗಾರಿಗೆ ಹೆಚ್ಚೆಂದರೆ ಶೇ 2, ಹಿಂಗಾರಿಗೆ ಶೇ 1.5. ಆದರೆ ವಿಮೆ ಮೆಕ್ಕೆಜೋಳಕ್ಕೆ ಕಟ್ಟಿ, ಸಮೀಕ್ಷೆಯಲ್ಲಿ ಸಜ್ಜಿ ಅಂತ ದಾಖಲಾಗಿದ್ದರೆ ಮಳೆ ಕೈಕೊಟ್ಟಾಗ ಪರಿಹಾರದ ಅರ್ಜಿ ತಿರಸ್ಕಾರ ಆಗಬಹುದು. ವ್ಯತ್ಯಾಸ ಕಂಡರೆ ಆ ಪುಟದ ಸ್ಕ್ರೀನ್‌ಶಾಟ್ ಹಿಡ್ಕೊಂಡು ಗ್ರಾಮ ಆಡಳಿತ ಅಧಿಕಾರಿಯನ್ನೋ ರೈತ ಸಂಪರ್ಕ ಕೇಂದ್ರವನ್ನೋ ಕಾಣ್ರಿ. ಆಕ್ಷೇಪಣೆಗೆ ಅವಧಿ ಇರುವಾಗಲೇ ಹೋಗಬೇಕು, ಬೆಳೆ ಒಣಗಿದ ಮೇಲಲ್ಲ.

ಮಾರುಕಟ್ಟೆ ದರಕ್ಕೂ ಇದೇ ದಾರಿ

ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ಸೈಟುಗಳ ದರಪಟ್ಟಿ ಅಗಲ. ಸಣ್ಣ ಪರದೆಯಲ್ಲಿ ಒಂದೆರಡು ಕಾಲಂ ಅಷ್ಟೇ ಕಂಡರೆ ಗರಿಷ್ಠ ದರವೇ ನಿಜ ಅನಿಸ್ತದೆ. ನೋಡಬೇಕಾದ್ದು ಮಾದರಿ ದರ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ದರ. ಕುಷ್ಟಗಿ, ಕೊಪ್ಪಳ, ಗಂಗಾವತಿ ಮಾರುಕಟ್ಟೆಗಳ ಮಾದರಿ ದರ ಹೋಲಿಸಿ, ಗಾಡಿ ಬಾಡಿಗೆ ಕಳೆದು ಲೆಕ್ಕ ಹಾಕಿದ ಮೇಲೆ ಮಾಲು ತುಂಬ್ರಿ.

ಎಚ್ಚರ ಇರಲಿ

- ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇಲ್ಲದ ಸೈಟಿನಲ್ಲಿ ಆಧಾರ್ ನಂಬರ್, ಒಟಿಪಿ ಹಾಕಬೇಡ್ರಿ.
- ಪೂರ್ತಿ ಪುಟಕ್ಕೆ ಡೇಟಾ ಜಾಸ್ತಿ ಬೇಕಾಗಬಹುದು. ಕೆಲಸ ಮುಗಿದ ಮೇಲೆ ಟಿಕ್ ತೆಗೀರಿ.
- ಸರ್ವರ್ ಡೌನ್ ಇದ್ದರೆ ಇದರಿಂದ ಸರಿ ಆಗಂಗಿಲ್ಲ. ಬೆಳಗಿನ ಜಾವ ಇನ್ನೊಮ್ಮೆ ಪ್ರಯತ್ನಿಸಿ.
- ನೋಡೋಕೆ ಸಿಗುವ ಉತಾರ ಮಾಹಿತಿಗೆ ಮಾತ್ರ. ಬ್ಯಾಂಕಿಗೆ ಶುಲ್ಕ ಕಟ್ಟಿ ಪಡೆದ ಪ್ರತಿಯೇ ಬೇಕು.

ವಿಮೆ ಕಟ್ಟುವ ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ ಇರ್ತದೆ. ಅದಕ್ಕೆ ಈ ವಾರವೇ ನಿಮ್ಮ ಸರ್ವೆ ನಂಬರ್ ಹಾಕಿ ನೋಡ್ರಿ. ಮನೆಯಲ್ಲಿ ಅಪ್ಪನ ಹೆಸರಿನ ಹೊಲ ಇದ್ದರೆ ಅವರನ್ನೂ ಪಕ್ಕಕ್ಕೆ ಕೂಡಿಸ್ಕೊಂಡು ತೋರಿಸ್ರಿ. ಹಿಸ್ಸಾ ನಂಬರ್ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರ್ತದೆ.