ಅಟ್ಟ ಕಲಿಸುವ ತಂತ್ರಾಂಶದ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಅಟ್ಟಕ್ಕೆ ಇರುವ ಬೆಲೆ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಕೆಡವಿದ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರುತ್ತದೆ. ಹತ್ತು ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟ ಮಾಡುವ ಇನ್ನೊಂದು ಉಪಕಾರವೂ ಇದೆ. ಕಾಯಿ ಕೆಡವುವ ದಿನಕ್ಕೂ ಕೊಬ್ಬರಿ ಮಾರುವ ದಿನಕ್ಕೂ ನಡುವೆ ಇದ್ದ ಗಂಟನ್ನು ಅದು ಬಿಚ್ಚಿಹಾಕುತ್ತದೆ. ಮಾರುಕಟ್ಟೆಗೆ ರಜೆ ಇದ್ದರೂ ಕಾಯಿ ಕೆಡವಬಹುದು. ಮರ ಹತ್ತುವವರು ಸಿಗದ ವಾರದಲ್ಲೂ ಕೊಬ್ಬರಿ ಮಾರಬಹುದು. ತಂತ್ರಾಂಶ ಕಟ್ಟುವ ಬಗೆಯನ್ನು ಹೇಳುವ ಈ ಬರಹದ ತಿರುಳೂ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಎರಡು ಮಾತಿನಲ್ಲಿ ವ್ಯಾಖ್ಯೆ

ಎಲ್ಲ ಕೆಲಸಗಳನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿ, ಒಟ್ಟಿಗೆ ನಿಲ್ಲಿಸಿ ಒಟ್ಟಿಗೆ ಓಡಿಸುವ ತಂತ್ರಾಂಶ ಏಕಶಿಲೆ. ಇದಕ್ಕೆ ಮೊನೊಲಿತ್ ಎನ್ನುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ತಂತ್ರಾಂಶ ಬರೆದು, ಅವು ಜಾಲದ ಮೂಲಕ ಮಾತಾಡಿಕೊಳ್ಳುವಂತೆ ಮಾಡಿದರೆ ಅದು ಕಿರುಸೇವೆ, ಅಂದರೆ ಮೈಕ್ರೊಸರ್ವಿಸ್. ಇಂಥ ಸೇವೆಗಳನ್ನು ಕಂಟೇನರ್ ಎಂಬ ಡಬ್ಬಿಗಳಲ್ಲಿಟ್ಟು, ಕ್ಲೌಡ್ ಎಂದು ಕರೆಯುವ, ಬಾಡಿಗೆಗೆ ಸಿಗುವ ಯಂತ್ರಗಳ ಮೇಲೆ ಬೇಕಾದಾಗ ಹೆಚ್ಚಿಸಿ ಬೇಡವಾದಾಗ ಇಳಿಸುವಂತೆ ಮೊದಲೇ ಯೋಚಿಸಿ ಕಟ್ಟಿದರೆ ಅದು ಕ್ಲೌಡ್‌ಗೆಂದೇ ಹುಟ್ಟಿದ ತಂತ್ರಾಂಶ. ಡಬ್ಬಿಗಳ ಮೇಲ್ವಿಚಾರಣೆ ಮಾಡುವ ಕುಬರ್ನೆಟಿಸ್ ಎಂಬ ತಂತ್ರಾಂಶವನ್ನು ಗೂಗಲ್ 2014ರಲ್ಲಿ ಎಲ್ಲರಿಗೂ ತೆರೆದಿಟ್ಟಿತು.

ಹರಾಜಿನ ದಿನದ ಲೆಕ್ಕ

ಅದೇ 2014ರಲ್ಲಿ ನಮ್ಮ ರಾಜ್ಯದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಇದನ್ನು ನಡೆಸುವ ಹೊಣೆ ಹೊತ್ತಿತು. ರೈತ ನೋಡುವ ಹಂತಗಳು ಇವು: ಗೇಟಿನಲ್ಲಿ ನಮೂದು, ಲಾಟ್ ಸಂಖ್ಯೆ, ಗುಣಮಟ್ಟದ ಪರೀಕ್ಷೆ, ವರ್ತಕರ ಇ-ಟೆಂಡರ್, ಹೆಚ್ಚಿನ ದರದ ಘೋಷಣೆ, ರೈತನ ಒಪ್ಪಿಗೆ, ತೂಕ, ಬಿಲ್ಲು, ಬ್ಯಾಂಕಿಗೆ ಹಣ.

ಇಂಥದೊಂದು ವ್ಯವಸ್ಥೆಯನ್ನು ನೀವೇ ಕಟ್ಟಬೇಕು ಎಂದುಕೊಳ್ಳಿ. ಗೇಟಿನ ನೂಕುನುಗ್ಗಲು ಬೆಳಗಿನದು. ಟೆಂಡರ್ ಮುಗಿಯುವ ಮುಂಚಿನ ಕೆಲವು ನಿಮಿಷಗಳಲ್ಲಿ ದರಗಳ ಸುರಿಮಳೆ. ಬಿಲ್ಲಿನ ಒತ್ತಡ ತೂಕವಾದ ಮೇಲಿನದು. ಏಕಶಿಲೆಯಾದರೆ ದರ ಸ್ವೀಕರಿಸುವ ಭಾಗಕ್ಕೆ ಬಲ ಬೇಕಾದಾಗಲೂ ಇಡೀ ತಂತ್ರಾಂಶದ ಇನ್ನೊಂದು ಪ್ರತಿ ಓಡಿಸಬೇಕು. ಕಿರುಸೇವೆಯಾದರೆ ಟೆಂಡರಿನ ಸೇವೆಯನ್ನು ಮಾತ್ರ ಎರಡರಿಂದ ಇಪ್ಪತ್ತಕ್ಕೆ ಏರಿಸಿ, ಟೆಂಡರ್ ಮುಗಿದ ಮೇಲೆ ಇಳಿಸಬಹುದು. ಬಿಲ್ಲಿನ ನಮೂನೆ ಬದಲಾದರೆ ಬಿಲ್ಲಿನ ಸೇವೆಯನ್ನಷ್ಟೇ ಬದಲಿಸಬಹುದು, ಹರಾಜು ನಿಲ್ಲಿಸಬೇಕಾಗಿಲ್ಲ. ಬೇರೆ ಬೇರೆ ತಂಡಗಳು ಒಬ್ಬರನ್ನೊಬ್ಬರು ಕಾಯದೆ ಕೆಲಸ ಮಾಡಬಹುದು. ಲಾಭಗಳ ಪಟ್ಟಿ ಇಷ್ಟಕ್ಕೆ ಸಾಕು. ಇದನ್ನು ಯಾರಾದರೂ ಹೇಳುತ್ತಾರೆ.

ಎಲ್ಲರೂ ಎಡವುವ ಜಾಗ

ಈ ವಿಷಯ ಹೇಳುವಾಗಲೆಲ್ಲ ಕೇಳುಗರು ಒಂದೇ ಕಡೆ ಎಡವುವುದನ್ನು ಕಂಡಿದ್ದೇನೆ. ತುಂಡು ಮಾಡಿದ ಮಾತ್ರಕ್ಕೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದು ಅವರು ನಂಬುತ್ತಾರೆ. ಅದು ನಿಜವಲ್ಲ. ಹೇಗೆಂದು ನಿಧಾನವಾಗಿ ನೋಡೋಣ.

ಹರಾಜಿನ ಫಲ ಘೋಷಿಸುವ ಸೇವೆಯಲ್ಲಿ 100 ಕೆಲಸಗಾರರು ಇದ್ದಾರೆ ಎನ್ನಿ. ಕಂಪ್ಯೂಟರಿನ ಭಾಷೆಯಲ್ಲಿ ಇವು ಥ್ರೆಡ್‌ಗಳು. ಒಬ್ಬೊಬ್ಬ ಒಂದು ಲಾಟಿನ ಫಲ ಬರೆದು, ರೈತನ ಮೊಬೈಲಿಗೆ ಸಂದೇಶ ಕಳಿಸಿ, ಮುಂದಿನ ಲಾಟಿಗೆ ಹೋಗುತ್ತಾನೆ. ಒಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಂದರೆ ಸೆಕೆಂಡಿಗೆ 1,000 ಲಾಟು. ಈಗ ಸಂದೇಶ ಕಳಿಸುವ ಸೇವೆ ಪೂರ್ತಿ ಸಾಯದೆ, ಉತ್ತರಕ್ಕೆ 10 ಸೆಕೆಂಡು ತೆಗೆದುಕೊಳ್ಳತೊಡಗಿತು ಎನ್ನಿ. ಫೋನು ಹಿಡಿದು ಕಾಯುತ್ತ ನಿಂತ ನೂರು ಜನ ಸೆಕೆಂಡಿಗೆ 10 ಲಾಟು ಮುಗಿಸುತ್ತಾರೆ. ಸಾವಿರ ಹತ್ತಾಯಿತು! ಏಕಶಿಲೆಯಲ್ಲಿ ಗೇಟು, ತೂಕ, ಬಿಲ್ಲಿಗೂ ಇದೇ ನೂರು ಜನರಾದ್ದರಿಂದ ಇಡೀ ಮಾರುಕಟ್ಟೆ ಸ್ತಬ್ಧ. ಕಿರುಸೇವೆಯಲ್ಲೂ ಫಲದ ಸೇವೆಯನ್ನು ಕಾಯುವ ಬಿಲ್ಲಿನ ಸೇವೆ, ಅದನ್ನು ಕಾಯುವ ಹಣದ ಸೇವೆ ಸಾಲಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಸತ್ತ ಸೇವೆಗಿಂತ ತಡವರಿಸುವ ಸೇವೆ ಹೆಚ್ಚು ಅಪಾಯಕಾರಿ. ಈ ಒಂದು ವಾಕ್ಯ ಮನಸ್ಸಿಗೆ ಇಳಿದರೆ ಅರ್ಧ ವಿಷಯ ಕಲಿತಂತೆ.

ಇದಕ್ಕೆ ಎರಡು ಮದ್ದು. ಮೊದಲನೆಯದು ಮನೆಯ ಮೀಟರ್ ಬೋರ್ಡಿನಲ್ಲಿರುವ ಎಂಸಿಬಿಯಂಥದ್ದು. ಎದುರಿನ ಸೇವೆ ಸತತವಾಗಿ ತಡಮಾಡಿದರೆ ನಮ್ಮ ಸೇವೆ ಸಂಪರ್ಕ ಕಡಿದುಕೊಂಡು, ಸ್ವಲ್ಪ ಹೊತ್ತಿನ ನಂತರ ಒಮ್ಮೆ ಕರೆದು ನೋಡುತ್ತದೆ. ತಂತ್ರಾಂಶ ತಜ್ಞ ಮೈಕೆಲ್ ನೈಗಾರ್ಡ್ 2007ರಲ್ಲಿ ಬರೆದ ಪುಸ್ತಕದಿಂದ ಈ ಉಪಾಯ ಮನೆಮಾತಾಯಿತು.

ಎರಡನೆಯದು ನಮ್ಮ ಅಟ್ಟ. ಫಲದ ಸೇವೆ ಸಂದೇಶ ಕಳಿಸುವವನನ್ನು ಕಾಯುವುದೇ ಇಲ್ಲ. ‘ಇಂಥ ಲಾಟು ಇಷ್ಟಕ್ಕೆ ಹೋಯಿತು’ ಎಂದು ಚೀಟಿ ಬರೆದು ಅಟ್ಟದ ಮೇಲಿಟ್ಟು ಮುಂದೆ ಹೋಗುತ್ತದೆ. ಈ ಅಟ್ಟಕ್ಕೆ ಕ್ಯೂ ಎಂದು ಹೆಸರು. ಸಂದೇಶದವನು, ಬಿಲ್ಲಿನವನು ಬಿಡುವಾದಾಗ ತಮ್ಮ ತಮ್ಮ ಚೀಟಿ ಎತ್ತಿಕೊಳ್ಳುತ್ತಾರೆ. ಸಂದೇಶದವನು ಒಂದು ಗಂಟೆ ಮಲಗಿದರೂ ಹರಾಜು ನಡೆಯುತ್ತದೆ. ಎದ್ದ ಮೇಲೆ ಉಳಿಕೆ ತೀರಿಸುತ್ತಾನೆ.

ಅಟ್ಟವಿದ್ದ ಮನೆಯವರಿಗೆ ಅದರ ಕಷ್ಟವೂ ಗೊತ್ತು. ತುಂಬುವುದೇ ಆಗಿ ಇಳಿಸುವುದು ಆಗದಿದ್ದರೆ ತೊಲೆಗೆ ಭಾರ. ಆದ್ದರಿಂದ ಕ್ಯೂ ಎಷ್ಟು ಬೆಳೆದಿದೆ ಎಂದು ಸದಾ ಕಣ್ಣಿಟ್ಟಿರಬೇಕು. ಇನ್ನೊಂದು ತೊಡಕು: ಒಂದೇ ಚೀಟಿ ಎರಡು ಸಲ ಕೈಗೆ ಬರಬಹುದು. ಒಂದೇ ಚೀಲಕ್ಕೆ ಎರಡು ಸಲ ಹಣ ಹೋಗಬಾರದಲ್ಲ? ಅದಕ್ಕೇ ‘ಒಂದು ಲಾಟ್ ಸಂಖ್ಯೆಗೆ ಒಂದೇ ಪಾವತಿ’ ಎಂಬ ನಿಯಮವನ್ನು ಹಣದ ಸೇವೆಯೇ ಕಾಯಬೇಕು. ಗೇಟಿನಲ್ಲಿ ಕೊಟ್ಟ ಪುಟ್ಟ ಸಂಖ್ಯೆ ಇಲ್ಲಿ ಕಾವಲುಗಾರನಾಗುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ದಾಖಲೆ ಯಾರ ಮನೆಯಲ್ಲಿರಬೇಕು?

ಸೇವೆಗಳನ್ನು ಬೇರೆ ಮಾಡಿ ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ಒಂದೇ ಉಳಿಸಿಕೊಂಡರೆ ಒಲೆ ಬೇರೆಯಾದರೂ ಕಣಜ ಒಂದೇ ಆದ ಸಂಸಾರದಂತೆ. ಒಬ್ಬರು ಕಣಜದ ಬಾಗಿಲು ಬದಲಿಸಿದರೆ ಎಲ್ಲರ ಅಡುಗೆ ನಿಲ್ಲುತ್ತದೆ. ಇದಕ್ಕೆ ಒಳ್ಳೆಯ ದಾರಿ ನಮ್ಮ ರೈತರ ಕೈಯಲ್ಲೇ ಇದೆ. ಪಹಣಿ 2000ದಿಂದ ‘ಭೂಮಿ’ ತಂತ್ರಾಂಶದಲ್ಲಿದೆ. ರೈತರ ನೋಂದಣಿಯ ‘ಫ್ರೂಟ್ಸ್’ ಬೇರೆ ವ್ಯವಸ್ಥೆ. ಅದು ಜಮೀನಿನ ವಿವರವನ್ನು ಭೂಮಿಯಿಂದ ಕೇಳಿ ಪಡೆಯುತ್ತದೆ. ಬೆಂಬಲ ಬೆಲೆಗೆ ಕೊಬ್ಬರಿ ಕೊಡುವಾಗ ತೋರಿಸುವ ಎಫ್‌ಐಡಿ ಸಂಖ್ಯೆ ಫ್ರೂಟ್ಸ್‌ನದು. ಗಾತ್ರದಲ್ಲಿ ಇವು ಕಿರುಸೇವೆಗಳಲ್ಲ, ದೊಡ್ಡ ವ್ಯವಸ್ಥೆಗಳು. ಆದರೂ ತತ್ವ ಅದೇ: ದಾಖಲೆಗೆ ಒಬ್ಬನೇ ಯಜಮಾನ, ಉಳಿದವರು ಕೇಳಿ ಪಡೆಯಬೇಕು.

ಬೆಲೆಯೂ ಇದೆ

ಏಕಶಿಲೆಯನ್ನು ಹಳೆಯದೆಂದು ತಳ್ಳಬೇಡಿ. ಒಂದೊಂದೂ 99.9% ಹೊತ್ತು ಸರಿಯಿರುವ ಹತ್ತು ಸೇವೆಗಳು ಒಂದನ್ನೊಂದು ಕಾಯುತ್ತ ಸಾಲಾಗಿ ನಿಂತರೆ, ಒಟ್ಟು ಸರಿಯಿರುವ ಹೊತ್ತು ಸುಮಾರು 99%. ತಿಂಗಳಿಗೆ 43 ನಿಮಿಷದ ಅಡಚಣೆ ಏಳು ಗಂಟೆಗೆ ಏರುತ್ತದೆ. ನೆಟ್‌ಫ್ಲಿಕ್ಸ್ 2008ರಲ್ಲಿ ದತ್ತಸಂಚಯ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಕ್ಲೌಡ್ ದಾರಿ ಹಿಡಿಯಿತು. ಆ ಪ್ರಯಾಣ ಮುಗಿದದ್ದು 2016ರಲ್ಲಿ. ಇತ್ತ ಅಮೆಜಾನಿನ ಪ್ರೈಮ್ ವಿಡಿಯೊ ತಂಡವೊಂದು ತನ್ನ ವಿಡಿಯೊ ಗುಣಮಟ್ಟ ನೋಡುವ ಬಿಡಿ ಸೇವೆಗಳನ್ನು ಒಟ್ಟುಗೂಡಿಸಿ ಖರ್ಚು ಉಳಿಸಿದ್ದಾಗಿ 2023ರಲ್ಲಿ ಬರೆಯಿತು. ಊರಿನ ಸಹಕಾರ ಸಂಘದ ಲೆಕ್ಕಕ್ಕೆ ಏಕಶಿಲೆಯೇ ಸರಿ. ನಾಲ್ಕು ಕಾಯಿ ಇಡಲು ಯಾರೂ ಅಟ್ಟ ಕಟ್ಟುವುದಿಲ್ಲ.

ಕೊನೆಯಲ್ಲೊಂದು ಕೋರಿಕೆ

ತಿಪಟೂರಿನ ಕಲ್ಪತರು ತಾಂತ್ರಿಕ ಕಾಲೇಜಿನಲ್ಲೋ ಬೇರೆಲ್ಲೋ ಓದುತ್ತಿರುವ ಹುಡುಗ ಹುಡುಗಿಯರೇ, ಒಂದು ಹರಾಜಿನ ದಿನ ಪೆನ್ನು ಕಾಗದ ಹಿಡಿದು ಎಪಿಎಂಸಿಗೆ ಹೋಗಿ. ಒಂದು ಚೀಲದ ಹಿಂದೆ ಗೇಟಿನಿಂದ ಪಾವತಿಯವರೆಗೂ ನಡೆಯಿರಿ. ಯಾರು ಯಾರನ್ನು ಕಾಯುತ್ತಾರೆ, ಯಾವ ಕಾಯುವಿಕೆ ಅನಿವಾರ್ಯ, ಎಲ್ಲಿ ಅಟ್ಟ ಕಟ್ಟಬಹುದು ಎಂದು ಗೆರೆ ಎಳೆಯಿರಿ. ಸಂಜೆ ಮನೆಗೆ ಬಂದು ಅಪ್ಪನನ್ನೋ ಅಜ್ಜಿಯನ್ನೋ ಕೇಳಿ: ಅಟ್ಟ ಇಲ್ಲದಿದ್ದರೆ ನಮ್ಮ ತೋಟ ಹೇಗೆ ನಡೆಯುತ್ತಿತ್ತು? ಅವರು ಹೇಳುವ ಉತ್ತರವನ್ನು ಆ ಗೆರೆಗಳ ಪಕ್ಕದಲ್ಲಿ ಬರೆದುಕೊಳ್ಳಿ. ಕಂಪ್ಯೂಟರ್ ಪುಸ್ತಕ ತೆರೆಯುವುದು ಆಮೇಲೆ.